ತೊಂಬತ್ತೇಳು ನಿಮಿಷ

ಒಂದು ಗಂಟೆ ಹತ್ತಕ್ಕೆ ತೆಗೆದದ್ದು ಕೊನೆಯ ಪ್ರತಿ.
ಎರಡು ನಲವತ್ತೇಳಕ್ಕೆ ಸಿಡಿಲು.
ನಡುವಿನದು ಎಲ್ಲೂ ಇಲ್ಲ.

ಮಲ್ಪೆ ಬಂದರಿನಲ್ಲಿ, ಸೊಸೈಟಿಯ ಮಹಡಿಯಲ್ಲಿ,
ಬಲೆಯ ಗೋದಾಮಿಗೂ ಮೀಟಿಂಗ್ ಹಾಲಿಗೂ ನಡುವೆ
ಎ.ಸಿ. ಇರುವ ಒಂದೇ ಒಂದು ಗೂಡು.
ಅದರೊಳಗೆ ಎರಡು ಸರ್ವರ್, ಅಕ್ಕಪಕ್ಕ,
ಒಬ್ಬ ಬಿದ್ದರೆ ಇನ್ನೊಬ್ಬ ಏಳಬೇಕೆಂಬ ಕರಾರು.
ಇವತ್ತು ಇಬ್ಬರೂ ಒಟ್ಟಿಗೆ ಬಿದ್ದರು.
ಕರಾರಿನಲ್ಲಿ ಅದು ಇರಲಿಲ್ಲ.

ಸ್ಕೂಟರಿನಲ್ಲಿ ನೆನೆದು ಬಂದು
ಪ್ರತಿಯನ್ನು ಮರಳಿ ತುಂಬಿಸಿದೆ. ಆಮೇಲೆ ಪರೀಕ್ಷೆ:
ಮೊದಲನೆಯದರ ಕೇಬಲ್ ಕಿತ್ತು ಎಣಿಸುತ್ತಾ ನಿಂತೆ,
ಹದಿನಾಲ್ಕನೆಯ ಸೆಕೆಂಡಿಗೆ ಎರಡನೆಯದು
ನಾನಿದ್ದೇನೆ ಎಂದಿತು.
ಮತ್ತೆ ಚುಚ್ಚಿದೆ. ನಾನೇ ಯಜಮಾನ, ಅಲ್ಲ ನಾನು
ಎಂಬ ಆ ಹಳೆಯ ಜಗಳ ಏಳಲಿಲ್ಲ.
ಸಂತೆಕಟ್ಟೆ ಶಾಖೆಯ ಕಪಾಟಿನ ಮೇಲೆ ಕೂತ
ಮೂರನೆಯ ಸಣ್ಣ ಪೆಟ್ಟಿಗೆ ಓಟು ಹಾಕಿತು,
ಅದಕ್ಕೆ ಬೇರೆ ಕೆಲಸವಿಲ್ಲ.
ನಮ್ಮ ಡೈರೆಕ್ಟರುಗಳ ಚುನಾವಣೆ
ಇಷ್ಟು ಬೇಗ ಮುಗಿದದ್ದು ನಾ ಕಾಣೆ.

ಸಾಲುಗಳ ಲೆಕ್ಕ ತಾಳೆ. ಮೊತ್ತ ತಾಳೆ.
ಡೀಸೆಲ್ಲಿನ ಬಾಕಿ ಪೈಸೆಗೆ ಪೈಸೆ ತಾಳೆ.
ಪರದೆಯ ತುಂಬ ಹಸಿರು.

ಹಸಿರೆಂದರೆ,
ನಕಲು ನಕಲಿಗೆ ಸರಿಯಾಗಿದೆ ಎಂದು.
ಕಡಲಿಗೆ ಸರಿಯಾಗಿದೆ ಎಂದಲ್ಲ.

ಪರದೆಯ ಮಾತು: ಈಗ ದಕ್ಕೆಯಲ್ಲಿ
ಇನ್ನೂರ ಹನ್ನೆರಡು ಬೋಟು.
ಸಮಯ ನಾಲ್ಕೂವರೆ. ಗುಡುಗು ಇನ್ನೂ
ಪಡುವಣದಲ್ಲಿ ಸಾಮಾನು ಸರಿಸುತ್ತಿದೆ.
ದಕ್ಕೆಯಲ್ಲೇ ಇರುವ ಬೋಟನ್ನು
ಕಡಲಿನಲ್ಲಿ ಯಾರು ಹುಡುಕುತ್ತಾರೆ?

ಕೆಳಗಿಳಿದೆ. ವಾಚ್‌ಮನ್ ದೂಮ ತಿಂಗಳಾಯ
ಬೀಡಿ ಮರೆಮಾಡಿ, ನಿದ್ದೆ ಇಲ್ವಾ ಮಾರಾಯ್ತಿ, ಎಂದರು.
ಬೋಟು ಎಣಿಸಬೇಕು ಎಂದೆ. ನಕ್ಕರು.
ನಾಲ್ಕು ನಾಲ್ಕು ಒತ್ತಿಗೆ ಕಟ್ಟಿದ್ದು, ಕತ್ತಲೆ, ಮಳೆ;
ಇದ್ದದ್ದು ಬಿಡು, ಇಲ್ಲದ್ದು ಎಣಿಸು.

ಟಾರ್ಚಿನ ಬೆಳಕಿಗೆ ಸಿಕ್ಕಿದ್ದು:
ಯಾರನ್ನೂ ಕಟ್ಟದೆ ನೇತಾಡುವ ಹಗ್ಗ,
ನೀರಿನ ಮೇಲೆ ಇನ್ನೂ ಬಣ್ಣ ಬಿಡುತ್ತಿರುವ ಎಣ್ಣೆ,
ಪಕ್ಕದವನಿಲ್ಲದೆ ಬಿಡುಬೀಸಾಗಿ ತೂಗುವ ಬೋಟಿನ ಮೈಗೆ
ಉಜ್ಜಿ ಸವೆದ ಟೈರು.
ಇದು ಗಿಲ್ಬರ್ಟನದು, ಸ್ಟೆಲ್ಲಾ.
ಇದು ಬರಕತ್. ಇಲ್ಲಿ ಸಾಗರಜ್ಯೋತಿ ಇತ್ತು,
ಹೋಗುವಾಗ ನನ್ನ ಛತ್ರಿ ಕೊಂಡುಹೋದ, ಕಳ್ಳ.
ಒಟ್ಟು ಒಂಬತ್ತು.

ಐಸ್ ಪ್ಲಾಂಟಿಗೆ ಹೋದೆವು. ಮೇಜಿನ ಮೇಲಿನ ಮುಳ್ಳಿಗೆ
ಒದ್ದೆ ಚೀಟಿಗಳನ್ನು ಚುಚ್ಚಿಟ್ಟಿದ್ದ ಹುಡುಗ,
ಒಂದೊಂದರಲ್ಲೂ ಬೋಟು, ಬ್ಲಾಕು, ಸಮಯ.
ಒಂದು ಇಪ್ಪತ್ತು. ಒಂದು ಮೂವತ್ತೈದು.
ಸಿಡಿಲಿಗೆ ಅವನ ಪೆನ್ನು ಹಾಳಾಗಿರಲಿಲ್ಲ.
ಚೀಟಿ ಎಂಟು.

ಒಂಬತ್ತನೆಯದು?
ದೂಮಣ್ಣ ಕಣ್ಣು ಮುಚ್ಚಿ ದಕ್ಕೆಯನ್ನು
ತುದಿಯಿಂದ ತುದಿಗೆ ನಡೆದರು.
ಜಲದುರ್ಗೆ, ಎಂದರು. ತಾಂಡೇಲ ವಿಶು ಕುಂದರ್.
ನಿನ್ನೆ ಮೀನಿಲ್ಲ, ನಿನ್ನೆಯ ಐಸು ಹಾಗೇ ಉಳಿದಿತ್ತು.

ವಯರ್‌ಲೆಸ್ಸಿನಲ್ಲಿ ಒಂಬತ್ತು ಹೆಸರು ಕೂಗಿದೆವು.
ಎಂಟು ಬೇಗ ಓಗೊಟ್ಟವು, ಒಬ್ಬ ಬೈದ ಕೂಡ.
ಜಲದುರ್ಗೆಗೆ ಕೂಗಿ
ಮತ್ತೆ ಎಣಿಸುತ್ತಾ ನಿಂತೆ.
ಹದಿನಾಲ್ಕು ದಾಟಿತು.
ಅರವತ್ತು ದಾಟಿತು.
ಅದರ ಜಾಗದಲ್ಲಿ ಎದ್ದು ನಾನಿದ್ದೇನೆ ಎನ್ನಲು
ಪಕ್ಕದಲ್ಲಿ ಯಾರೂ ಇಲ್ಲ.

ಕರಕರ ಸದ್ದು. ಮತ್ತೆ, ಹ್ಞಾ,
ಬಲೆ ಎಳೀತಾ ಇದ್ದೆವು, ಏನು?

ಏನಿಲ್ಲ, ಎಂದೆ.

ಮೇಲೆ ಬಂದು ಒಂಬತ್ತನ್ನೂ ಕೈಯಾರೆ ಬರೆದೆ.
ಒಂಬತ್ತೂ ರೆಪ್ಪೆ ಬಡಿಯುವಷ್ಟರಲ್ಲಿ
ಪಕ್ಕದ ಸರ್ವರಿಗೆ ದಾಟಿದವು.
ನಂಬಿಕೆ ಸಾಲದೆ ಇನ್ನೊಮ್ಮೆ ಕೇಬಲ್ ಕಿತ್ತು ನೋಡಿದೆ,
ದಕ್ಕೆಯಲ್ಲಿ ಇನ್ನೂರ ಮೂರು, ಕಡಲಲ್ಲಿ ಒಂಬತ್ತು.

ಜಲದುರ್ಗೆ ಹೊರಟ ಹೊತ್ತು ಮಾತ್ರ ಯಾರಿಗೂ ಗೊತ್ತಿಲ್ಲ.
ಆ ಅಂಕಣ ಅಂಕೆಯನ್ನಷ್ಟೇ ಒಪ್ಪುತ್ತದೆ,
ಅಂದಾಜು ಎಂದು ಬರೆಯಲು ಜಾಗವಿಲ್ಲ.
ಸೋಮವಾರ ಮಾಡಿಸಬೇಕು.