ಆರನೇ ಗಂಟೆಯ ಟ್ಯೂಬು

ಮೊದಲ ಟ್ಯೂಬಿಗೆ ರಕ್ತ ತೆಗೆದವಳು ನಾನೇ,
ಎದೆ ತೆರೆಯುವ ಹಿಂದಿನ ಸಂಜೆ.
ಇಲಿಯಾಸ್ ಸಾಹೇಬರು ತೋಳು ಚಾಚಿದರು,
ಗೊರಗುಂಟೆಪಾಳ್ಯದ ಫ್ಲೈಓವರಿನಡಿ
ಮೂವತ್ತೊಂದು ವರ್ಷ ಲಾರಿಗಳಿಗೆ ಪಂಕ್ಚರ್ ಹಾಕಿದ ತೋಳು.
ಉಗುರಿನ ಸಂದಿಯಲ್ಲಿ ರಬ್ಬರಿನ ಕಪ್ಪು,
ಸೋಪಿಗೂ ಸ್ಪಿರಿಟ್ಟಿಗೂ ಜಗ್ಗದ್ದು.

"ಹಾರ್ಟ್ ರಿಪೇರಿಗೆ ಬಂದೋನು ನಾನು,
ಶ್ವಾಸಕೋಶದ ಲೆಕ್ಕ ನಿಮಗ್ಯಾಕೆ ಮೇಡಂ?"

ಒಪ್ಪಿಗೆ ಪತ್ರದ ಭಾಷೆ ಪಕ್ಕಕ್ಕಿಟ್ಟು ಹೇಳಿದೆ:
ನಾಳೆ ನಿಮ್ಮ ಹೃದಯ ನಿಲ್ಲಿಸುತ್ತಾರೆ,
ರಕ್ತ ಯಂತ್ರದೊಳಗೆ ಸುತ್ತಿ ಬರುತ್ತದೆ,
ಕೆಲಸವಿಲ್ಲದ ಶ್ವಾಸಕೋಶ ಮುದುಡಿ ಮಲಗುತ್ತದೆ.
ಮತ್ತೆ ಗಾಳಿ ತುಂಬುವಾಗ ಕೆಲವರಲ್ಲಿ, ಎಲ್ಲರಲ್ಲೂ ಅಲ್ಲ,
ಒಳಪದರ ಎಲ್ಲೋ ತರಚಿರುತ್ತದೆ.
ಗಾಳಿಗೂಡಿನಲ್ಲೇ ಇರಬೇಕಾದ ಪ್ರೋಟೀನು
ಗೋಡೆ ದಾಟಿ ರಕ್ತಕ್ಕಿಳಿಯುತ್ತದೆ.
ಎಕ್ಸ್‌ರೇ ಕಣ್ಣಿಗೆ ಬೀಳುವ ಮೊದಲೇ
ಅದು ನಮಗೆ ಸಿಕ್ಕೀತೇ ಅಂತ ಹುಡುಕಾಟ.

ನಕ್ಕರು. "ಅಂದ್ರೆ ಸ್ಲೋ ಪಂಕ್ಚರ್.
ಮೊಳೆ ಹೊಕ್ಕರೆ ಕುರುಡನಿಗೂ ಗೊತ್ತಾಗುತ್ತೆ.
ಇದಕ್ಕೆ ನೀರು ಬೇಕು.
ಟಬ್ಬಿನಲ್ಲಿ ಟ್ಯೂಬು ಮುಳುಗಿಸಿ
ಉಸಿರು ಬಿಗಿಹಿಡಿದು ಕೂತರೆ
ಸಾಸಿವೆಯಷ್ಟು ಒಂದು ಗುಳ್ಳೆ.
ಅವಸರ ಮಾಡಬಾರದು ಮೇಡಂ, ನೀರು ಕಲಕಿದರೆ
ತೂತಿಲ್ಲದ ಕಡೆನೂ ಗುಳ್ಳೆ ಕಾಣುತ್ತೆ."

ಈಗ ರಾತ್ರಿ ಎರಡೂಕಾಲು.
ಐದನೇ ಮಹಡಿಯಲ್ಲಿ ಅವರು, ಗಂಟಲಲ್ಲಿ ನಳಿಕೆ;
ನೆಲಮಾಳಿಗೆಯಲ್ಲಿ ನಾನು.
ಹನ್ನೊಂದಕ್ಕೆ ಬಂದ ಟ್ಯೂಬಿನ ಮೇಲೆ ಹೆಸರಿಲ್ಲ,
ಬರೀ ನಲವತ್ತೇಳು.
ಹೆಸರು ನನಗೆ ಗೊತ್ತು, ಅದೇ ಕಷ್ಟ.

ಗಿರಗಿರ ತಿರುಗಿ ಕೆಂಪು ತಳ ಸೇರಿತ್ತು,
ಮೇಲೆ ಮೆಂತ್ಯ ನೆನೆಸಿದ ನೀರಿನ ಬಣ್ಣ.
ತೊಂಬತ್ತಾರು ಗುಳಿಯ ತಟ್ಟೆ,
ಅಜ್ಜಿಯ ಅಳಗುಳಿ ಮಣೆ ಕುಗ್ಗಿ ಪ್ಲಾಸ್ಟಿಕ್ ಆದಂತೆ.
ಹನಿ ಬಿಟ್ಟೆ. ತೊಳೆದೆ. ಕಾದೆ. ಮತ್ತೆ ತೊಳೆದೆ.
ಹಳದಿ ಏರುತ್ತಿದೆ.
ಜೊತೆಯ ಗುಳಿಯಲ್ಲೂ ಅದೇ ಹಳದಿ.
ಆ ಸಂಜೆಯ ಟ್ಯೂಬಿನ ನಾಲ್ಕು ಪಟ್ಟು.

ಅಧ್ಯಯನ ಮುಗಿಯುವ ತನಕ
ಈ ಅಂಕಿ ಯಾರಿಗೂ ಹೇಳುವಂತಿಲ್ಲ.
ಸಕಾರಣ ನಿಯಮವೇ.
ಇಪ್ಪತ್ತೊಂಬತ್ತರಲ್ಲೂ ಹೀಗೇ ಏರಿತ್ತು;
ಆಕೆ ಮೂರನೇ ದಿನ ಎದ್ದು ಕೂತು
ಉಪ್ಪಿಟ್ಟಿಗೆ ಉಪ್ಪಿಲ್ಲ ಅಂತ ಜಗಳ ತೆಗೆದಳು.
ಮೂವತ್ತಮೂರರಲ್ಲಿ ಅಂಕಿ ಏಳಲೇ ಇಲ್ಲ.
ಮನುಷ್ಯನೂ ಏಳಲಿಲ್ಲ.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ.
ಡ್ಯೂಟಿಯಲ್ಲಿ ಡಾಕ್ಟರ್ ಮೇದಪ್ಪ,
ಕಾಗದದ ಲೋಟದಲ್ಲಿ ಆರಿದ ಕಾಫಿ.
ನಲವತ್ತೇಳರ ಉಸಿರು ಹೇಗಿದೆ ಸಾರ್, ಅಂದೆ.
ಎಕ್ಸ್‌ರೇ ತೋರಿಸಿದರು. ಎರಡು ಕಪ್ಪು ರೆಕ್ಕೆ, ನಿರ್ಮಲ.
ಇನ್ನೊಂದ್ಸಲ ನೋಡಿ, ಅಂದೆ.
ಅವರು ಎಕ್ಸ್‌ರೇ ನೋಡಲಿಲ್ಲ.
ನನ್ನ ಮುಖ ನೋಡಿದರು, ಬಹಳ ಹೊತ್ತು.
ಏನೂ ಕೇಳದೆ ಇನ್ನೊಂದು ರಕ್ತಪರೀಕ್ಷೆ ಬರೆದರು,
ವೆಂಟಿಲೇಟರಿನ ಪ್ರತಿ ಉಸಿರನ್ನು ಒಂದು ಗುಟುಕು ಇಳಿಸಿದರು.

ನಿಯಮ ಮುರಿದೆನೋ, ಬಾಗಿಸಿದೆನೋ,
ಅಥವಾ ಕೈ ಹಾಕಿ ನೀರನ್ನೇ ಕಲಕಿದೆನೋ.

ಮಂಚದ ಬಳಿ ನಿಂತೆ.
ಬೆರಳಿಗೆ ಹಾಕಿದ್ದ ಕ್ಲಿಪ್ಪು ಈಗ ಕಿವಿಯಲ್ಲಿ.
"ಉಗುರಿನ ಕಪ್ಪು ದಾಟಿ ಬೆಳಕೇ ಹೋಗಲ್ಲ ಅಕ್ಕಾ,"
ನರ್ಸ್ ಜಿನ್ಸಿ ಪಿಸುಗುಟ್ಟಿದಳು.
ಕಿವಿಯ ಹಾಲೆಯಲ್ಲಿ ಕೆಂಪು ಮಿನುಗಿ, ತೊಂಬತ್ತೆರಡು.
ತೊಂಬತ್ತೊಂದು.
ತೊಂಬತ್ತೆರಡು.

ಮತ್ತೆ ನೆಲಮಾಳಿಗೆ.
ಅಂಕಿಯನ್ನು ಪುಸ್ತಕದಲ್ಲಿ ಇದ್ದ ಹಾಗೇ ಬರೆದಿದ್ದೇನೆ.
ಇಪ್ಪತ್ತನಾಲ್ಕನೇ ಗಂಟೆಯ ಟ್ಯೂಬು
ಬರಬೇಕಾದದ್ದು ಸಂಜೆ ಐದಕ್ಕೆ.
ಗೊರಗುಂಟೆಪಾಳ್ಯದಲ್ಲಿ ಯಾರೋ ಡ್ರೈವರು
ಮುಚ್ಚಿದ ಶಟರು ಬಡಿಯುತ್ತಿರಬಹುದು ಈಗ.
ನನ್ನ ಶಿಫ್ಟು ಮುಗಿಯುವುದು ಆರಕ್ಕೆ.
ಹೋಗುವುದಿಲ್ಲ.