ಮೂವತ್ತು ನಲವತ್ತು

ಸೇಡಂ ರಸ್ತೆಯ ಹೊಸ ಬಡಾವಣೆ, ಪ್ಲಾಟು ನಂಬರ್ ಅರವತ್ತೇಳು.
ಪಶ್ಚಿಮಕ್ಕೆ ಮುಖ. ಎರೆಮಣ್ಣು,
ಬೆರಳು ಹೋಗುವಷ್ಟು ಬಿರುಕು.
ಸಾಯಬಣ್ಣ ಮೊಬೈಲು ಚಾಚಿ ತೋರಿಸಿದ:
ಎಲ್ಲಿಯದೋ ಮನೆ, ಮುಖದ ತುಂಬ ಗಾಜು,
ಗಾಜಿನ ತುಂಬ ಯಾರದೋ ಹಸಿರು.
“ಹಿಂಗ ಬೇಕ್ರಿ ಮೇಡಮ್.
ಎದುರಿನವರು ನಿಂತು ನೋಡಬೇಕು.”

ನಾನು ಏನೂ ಅನ್ನಲಿಲ್ಲ.
ಮೇ ಎರಡನೆಯ ವಾರ, ಮಧ್ಯಾಹ್ನ ಮೂರಕ್ಕೆ
ಎರಡು ಪ್ಲಾಸ್ಟಿಕ್ ಕುರ್ಚಿ ತಂದು
ಹಾಲ್ ಬರಬೇಕಾದ ಜಾಗದಲ್ಲಿ ಇಟ್ಟೆ.
“ಇದು ನಿಮ್ಮ ಸೋಫಾ. ಕೂಡ್ರಿ.”
ಹತ್ತು ನಿಮಿಷಕ್ಕೆ ಟವೆಲು ತಲೆಗೇರಿತು.
ಹದಿನೈದಕ್ಕೆ ಎದ್ದು, ಪಕ್ಕದ ಪ್ಲಾಟಿನ
ಬೇವಿನ ಗಿಡದ ಕೆಳಗೆ ಹೋಗಿ ನಿಂತ.
ಅಲ್ಲಿಂದಲೇ ಕೂಗಿದ:
“ಗಾಜು ಕ್ಯಾನ್ಸಲ್ ಮಾಡ್ರಿ!”

ಆದರೆ ಏನು ಬೇಡ ಎಂದು ತಿಳಿದ ಮಾತ್ರಕ್ಕೆ
ಮನೆ ಆಗುವುದಿಲ್ಲವಲ್ಲ.

ಜಗದೇವಿ ಅಷ್ಟು ದಿನವೂ ಸುಮ್ಮನಿದ್ದಳು.
ಕೇಳಿದರೆ, “ನಿಮಗ ಗೊತ್ತಿರ್ತದಲ್ರಿ.”
ಒಂದು ದಿನ ಬೆಳಗಿನ ಐದಕ್ಕೆ
ಹೇಳದೆ ಕೇಳದೆ ಅವರ ಬಾಡಿಗೆ ಮನೆಗೆ ಹೋದೆ.
ಬಾಗಿಲಿಗಿಂತ ಮೊದಲು ಸದ್ದು ಸಿಕ್ಕಿತು,
ರೊಟ್ಟಿ ಬಡಿಯುವ ಸದ್ದು,
ದಿನಕ್ಕೆ ಇನ್ನೂರೈವತ್ತು, ಮೂರು ಖಾನಾವಳಿಗೆ.
ನೆಲಕ್ಕೆ ಕೂತಿದ್ದಾಳೆ, ಒಂದು ಕಾಲು ಮಡಚಿ, ಒಂದು ಚಾಚಿ;
ಬಲಕ್ಕೆ ಹಿಟ್ಟು, ಎಡಕ್ಕೆ ಹಂಚು, ಬೆನ್ನಿಗೆ ಗೋಡೆ.
ಹೊಗೆಗೆ ಬೇರೆ ದಾರಿಯಿಲ್ಲ,
ಅವಳ ಕಣ್ಣಿನಿಂದಲೇ ಹೋಗಬೇಕು.

ನನ್ನ ನಕಾಶೆಯಲ್ಲಿ ಗ್ರಾನೈಟ್ ಕಟ್ಟೆ,
ಎರಡೂ ಮುಕ್ಕಾಲು ಅಡಿ ಎತ್ತರ.
ಇವಳು ಅಲ್ಲಿ ಎಲ್ಲಿ ಕೂರುತ್ತಾಳೆ?
ಟೇಪು ತೆಗೆದು ಅವಳನ್ನೇ ಅಳೆದೆ:
ಚಾಚಿದ ಕಾಲು, ಹಂಚಿಗೆ ಹೋಗುವ ಕೈ,
ಏಳುವಾಗ ಗೋಡೆಗೆ ಊರುವ ಅಂಗೈ.
“ಅಳತಿ ಬ್ಲೌಜಿಗೇನ್ರಿ?” ಅಂತ ನಕ್ಕಳು.
ಆಮೇಲೆ ಮಾತಾಡಿದಳು.

ನಳ ಬರುವುದು ನಾಕು ದಿನಕ್ಕೊಮ್ಮೆ, ರಾತ್ರಿ ಎರಡಕ್ಕೆ;
ಮಲಗಿದಲ್ಲಿಗೆ ಅದರ ಸದ್ದು ಕೇಳಬೇಕು.
ರೊಟ್ಟಿ ಒಯ್ಯುವ ಹುಡುಗರು
ಚಪ್ಪಲಿ ಬಿಡದೆ ನಿಲ್ಲಬೇಕು, ಒಳಗೂ ಅಲ್ಲ, ಹೊರಗೂ ಅಲ್ಲ.
ಓದುವ ಮಗಳಿಗೆ ಅಪ್ಪನ ಟಿವಿ ಕಾಣಬಾರದು,
ಅವ್ವ ಕಾಣಬೇಕು.
“ಮತ್ತ... ಸಂಜೀಮುಂದ ಕೂಡ್ಲಿಕ್ಕ ಒಂದು ಕಟ್ಟಿ.
ಏನೂ ಕೆಲ್ಸ ಮಾಡದಂಗ, ಸುಮ್ನ.”

ಮೇಸ್ತ್ರಿ ಮಕ್ಬೂಲ್ ಸಾಬ್ ಮಣ್ಣು ಎತ್ತಿ ತಿಕ್ಕಿ ನೋಡಿದರು.
“ಇದು ಮಳಿಗಾಲದಾಗ ಉಬ್ತದ, ಬ್ಯಾಸಗ್ಯಾಗ ಬಿರಿತದ.
ಇದರ ಕೂಡ ಜಗಳ ಬ್ಯಾಡ್ರಿ. ಕೆಳಗ ಹೋಗೋಣ.”
ಏಳಡಿ ಹೋದೆವು, ಮುರುಮು ಸಿಗುವ ತನಕ.
ಸಾಯಬಣ್ಣನ ಗಾಜಿನ ದುಡ್ಡೆಲ್ಲ ಅಲ್ಲಿ ಹೂತಿದೆ.
ಅದನ್ನು ಯಾರೂ ನಿಂತು ನೋಡುವುದಿಲ್ಲ.

ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಜೋಳದ ಚೀಲದ ಕೋಣೆ:
ಬಿಸಿಲು ಒಳಗೆ ಬರುವ ಮೊದಲು
ಅವನ್ನೆಲ್ಲ ದಾಟಿ ಸುಸ್ತಾಗಲಿ.
ನಟ್ಟನಡುವೆ ಅಡುಗೆ, ನೆಲಮಟ್ಟದ ಒಲೆ,
ಮೇಲೆ ಬೆಳಕಿಂಡಿ. ಅಜ್ಜಿಯ ಮಾಳಿಗೆಯ ತೂತಲ್ಲ,
ಕಾಂಕ್ರೀಟಿನಲ್ಲಿ ಎರಡಡಿ ಚೌಕ, ಉತ್ತರಕ್ಕೆ ಓರೆ.
ಹೊಗೆ ಏರುವ ದಾರಿಯಲ್ಲೇ ಬೆಳಕು ಇಳಿಯುತ್ತದೆ.
ನೆಲಕ್ಕೆ ಶಹಾಬಾದ ಫರ್ಸಿ.
“ಟೈಲ್ಸ್ ಹಾಕ್ಸೋದಿಲ್ಲೇನು?” ಬೀಗರು ಕೇಳಿದರಂತೆ;
ಜಗದೇವಿ ತನ್ನ ಬರಿಗಾಲು ತೋರಿಸಿದಳಂತೆ.

ಒಂದು ತಪ್ಪು ಮಾಡಿದೆ.
ಬೇಸಗೆಗೆ ಮಾಳಿಗೆಯ ಮೇಲೆ ಮಲಗುವವರು, ಗೊತ್ತಿತ್ತು;
ಗಾಳಿ ಬರಲೆಂದು ಪ್ಯಾರಾಪೆಟ್ಟಿಗೆ ಜಾಲಿ ಬರೆದಿದ್ದೆ.
ಹೊರಸನ್ನು ಅಳೆದಿರಲಿಲ್ಲ.
ಗೃಹಪ್ರವೇಶದ ರಾತ್ರಿ ಮೆಟ್ಟಿಲ ತಿರುವಿನಲ್ಲಿ
ಸಿಕ್ಕಿಕೊಂಡಿತು, ಅತ್ತಲೂ ಇಲ್ಲ, ಇತ್ತಲೂ ಇಲ್ಲ.
ಕಡೆಗೆ ಹೇಗೋ ಬಿಡಿಸಿ ಹೊರತಂದು, ಹಗ್ಗ ಬಿಗಿದು
ರಸ್ತೆಯ ಕಡೆಯಿಂದ ಎಳೆದರು, “ಹೂಂ, ಇನ್ನೊಂದು, ಹೂಂ!”
ಎದುರಿನವರೆಲ್ಲ ಬಂದು
ನಿಂತು ನೋಡಿದರು.

ಹೊರಸು ಈಗಲೂ ಮೇಲೆಯೇ ಇದೆ,
ಮಳೆಗೆ ತಾಡಪತ್ರಿ ಹೊದ್ದುಕೊಂಡು.
ನಾನು ಹೊಸ ಹಾಳೆ ಬಿಡಿಸಿದಾಗಲೆಲ್ಲ
ಗೋಡೆಗಿಂತ ಮುಂಚೆ ಅದನ್ನು ಬರೆಯುತ್ತೇನೆ:
ಆರಡಿ ಉದ್ದ, ಮೂರಡಿ ಅಗಲ,
ನಾಲ್ಕು ಕಾಲು.