ಎತ್ತಿನ ಮುಂಗಾಲು

ಸ್ಟಾಕ್ ರಿಜಿಸ್ಟರಿನ ನೂರಾ ಹನ್ನೆರಡನೇ ಪುಟದಲ್ಲಿ
ಯಾರದೋ ಓರೆ ಅಕ್ಷರ:
'ಗಚ್ಚಿನ ಚಕ್ರ, ಒಂದು. ಈಜಿಪ್ಟಿನ ಆಕಾಶ. ಬೆಲೆ ಗೊತ್ತಿಲ್ಲ.'
ಕೆಳಗೆ ಕೆಂಪು ಶಾಯಿಯಲ್ಲಿ ನಾನು:
'ಬಿದ್ದು ನಾಲ್ಕು ತುಂಡು.'

ಬೀಳಿಸಿದ್ದೂ ನಾನೇ. ಅದನ್ನು ಬರೆಯಲಿಲ್ಲ.
ಭೂಗೋಳದ ಕೋಣೆಗೆ ಸುಣ್ಣ ಹೊಡೆಸುವ ದಿನ
ಏಣಿ ತಾಗಿ ಮೊಳೆ ಕಿತ್ತು ಬಂತು.
ಹನ್ನೆರಡು ರಾಶಿ, ಅಂಚಿನ ಮೂವತ್ತಾರು ದೇವರು
ಒಂದೇ ಸದ್ದಿಗೆ ನೆಲಕ್ಕೆ.
ಪ್ರಿನ್ಸಿಪಾಲರು ಬಾಗಿಲಲ್ಲಿ ಇಣುಕಿ,
'ರೈಟ್ ಆಫ್ ಮಾಡಿಬಿಡಿ ಕುಸುಮಾಕ್ಷಿ' ಎಂದು
ಕಾಫಿಗೆ ಹೋದರು.

ನನಗೆ ಹುಚ್ಚರಾಯಪ್ಪ ನೆನಪಾದ.
ಶಿಕಾರಿಪುರದವನು. ಇಪ್ಪತ್ತೆಂಟು ವರ್ಷ ಮೆಗ್ಗಾನಿನಲ್ಲಿ
ಮುರಿದ ಮೂಳೆಗೆ ಬಿಳಿ ಕಟ್ಟು ಕಟ್ಟಿದವನು,
ಒಮ್ಮೆ ನನ್ನ ಎಡಗೈಗೂ.
ಭಾನುವಾರ ಬಂದ, ಬಕೆಟ್ಟು, ಗಾಜಿನ ಸುರುಳಿ ಹಿಡಿದು.
ಕುಕ್ಕರುಗಾಲಲ್ಲಿ ಕೂತು ಒಂದೊಂದೇ ತುಂಡನ್ನು
ಎಕ್ಸ್-ರೇಯಂತೆ ಕಿಟಕಿಗೆ ಹಿಡಿದ.

'ಪೇಷೆಂಟ್ ಎಲ್ಲಿಯವರು?'
'ನೈಲ್ ನದಿ ಕಡೆಯವರು.'
'ವಯಸ್ಸು?'
'ಎರಡು ಸಾವಿರ. ಇದಲ್ಲ, ಇದರ ಕಲ್ಲು.
ಗುಡಿಯ ಮಾಡಿನಿಂದ ಗರಗಸ ಹಾಕಿ ಕೊಯ್ದು
ಹಡಗಿಗೆ ಹೇರಿದರಂತೆ. ಈಗ ಆ ಮಾಡಿನಲ್ಲೂ ಅಚ್ಚೇ.'
'ಓ,' ಅಂದ, 'ಗಾಯಕ್ಕೂ ಕಟ್ಟು, ಕಳ್ಳನಿಗೂ ಕಟ್ಟು.'

ನಡುವೆ, ಎರಡೇ ಕಾಲ ಮೇಲೆ ನಿಂತ ನೀರಾನೆ.
'ಸಕ್ರೆಬೈಲಿನದಲ್ಲ ಬಿಡಿ ಇದು.'
ಪಕ್ಕದಲ್ಲೇ ಒಂದು ಕಾಲು, ಬರೀ ಕಾಲು.
ನಮಗೆ ಸಪ್ತರ್ಷಿಗಳು; ಅವರಿಗೆ ಎತ್ತಿನ ಮುಂಗಾಲು.
ತಪ್ಪಿಸಿಕೊಂಡು ಹೋಗದಿರಲೆಂದು ನೀರಾನೆಯ ಕಾವಲು.
ಬಿರುಕು ಸರಿಯಾಗಿ ಅದರ ಮೇಲೇ ಹಾದಿತ್ತು.
ಅವನು ಬೆರಳಾಡಿಸಿ, 'ಮೊಣಕಾಲ ಕೆಳಗೆ.
ಮೂಳೆ ಜರುಗಿಲ್ಲ,' ಅಂದ. ನನ್ನನ್ನೇ ಸಮಾಧಾನ ಮಾಡುವಂತೆ.

ದೋಣಿಯಲ್ಲಿ ಹಸು, ಕೊಂಬಿನ ನಡುವೆ ಚುಕ್ಕಿ.
ಆ ಚುಕ್ಕಿ ಸೂರ್ಯನಿಗಿಂತ ಮುಂಚೆ ಎದ್ದ ದಿನ
ನದಿ ಉಕ್ಕುತ್ತದೆಂದು ಲೆಕ್ಕ, ಅಂದೆ.
'ಚುಕ್ಕಿ ಯಾಕೆ? ಕೋರ್ಪಲಯ್ಯನ ಮಂಟಪ ಮುಳುಗಿದರೆ
ತುಂಗೆ ತುಂಬಿದಳು. ಮುಗೀತಲ್ಲ.'

ಮೊದಲು ನೀರು, ಆಮೇಲೆ ಪುಡಿ.
ಗುಳ್ಳೆ ನಿಲ್ಲುವವರೆಗೆ ಮಾತಿಲ್ಲ.
ಆಕಾಶವನ್ನು ಎರಡು ಬೆಂಚಿನ ನಡುವೆ ಮುಖ ಕೆಳಗಾಗಿಸಿ ಮಲಗಿಸಿದೆವು.
ಬೆನ್ನ ತುಂಬ ಸೆಣಬಿನ ನಾರು,
ಅಂಚಿನಲ್ಲೊಂದು ಹೆಬ್ಬೆರಳ ಗುರುತು,
ಹಸಿಯಾಗಿದ್ದಾಗ ಯಾರೋ ಎತ್ತಿದ್ದು.
ಅವನು ಅದರ ಮೇಲೆ ಮಾತ್ರ ಗಚ್ಚು ಮೆತ್ತಲಿಲ್ಲ.

'ಎಷ್ಟು ಸಾವಿರ ಕಟ್ಟು ಕೊಯ್ದಿದೀನಿ ಅಕ್ಕಾ,
ಕಾಲು ನಡೆದು ಹೋಗ್ತದೆ, ಕಟ್ಟು ಕಸಕ್ಕೆ.
ಇಲ್ಲಿ ನೋಡಿ, ಕಾಲು ಯಾವಾಗಲೋ ಹೋಗಿದೆ,
ಕಟ್ಟನ್ನು ಗೋಡೆಗೆ ಹಾಕಿಕೊಂಡಿದ್ದೀರಿ.'

ಗಚ್ಚು ಬಿಗಿಯುವ ಮುನ್ನ ಬೆಚ್ಚಗಾಗುತ್ತದೆ.
ಅಂಗೈ ಇಟ್ಟೆ. ಒಂಬತ್ತರ ವಯಸ್ಸಿನ ನನ್ನ ಮಣಿಕಟ್ಟು,
ಜ್ವರ ಬಂತೆಂದು ಅತ್ತದ್ದು,
'ಜ್ವರ ನಿನಗಲ್ಲ ಮಗಾ, ಸುಣ್ಣಕ್ಕೆ' ಎಂದ ಹುಡುಗ ಪ್ರಾಯದ ಇವನು.

ಸೇರುವೆ ಕೂಡಿತೇ ನೋಡಲು ಟಾರ್ಚು ಹಿಡಿದು
ಬೆಂಚಿನಡಿ ಅಂಗಾತ ಮಲಗಿದೆ.
ಹದಿನೇಳು ವರ್ಷ ಗೋಡೆಯಲ್ಲಿ ಎದುರಾಗಿಯೇ ಕಂಡದ್ದು
ಈಗ ಮೇಲಿತ್ತು.
ಗೋಡೆಯ ಮೇಲೆ ಅದು ಚಿತ್ರ. ಇಲ್ಲಿ
ಹಸು, ಚೇಳು, ತಕ್ಕಡಿ, ಮೀನು
ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ
ಬೀಳದೆ ನಿಂತಿದ್ದವು.
ಕಣ್ಣಿಗೆ ಪುಡಿ ಉದುರಿತು. ಒರೆಸಿಕೊಳ್ಳಲಿಲ್ಲ.

'ನಾನೇ ಬೀಳಿಸಿದ್ದು ಹುಚ್ಚರಾಯಪ್ಪ.'
ಮೇಲಿನಿಂದ ಅವನ ಧ್ವನಿ: 'ಎಲ್ಲರೂ
ಬಚ್ಚಲಲ್ಲಿ ಜಾರಿದೆ ಅಂತಲೇ ಹೇಳೋದು.'

ಸೋಮವಾರ ಷರಾ ಕಾಲಮ್ಮಿನಲ್ಲಿ ಬರೆದೆ:
'ಕೂಡಿದೆ. ಆರು ವಾರ ಭಾರ ಹಾಕಬಾರದು.'
ಬೀಳಿಸಿದವರ ಹೆಸರಿಗೆ
ಆ ಪುಟದಲ್ಲಿ ಕಾಲಮ್ಮೇ ಇಲ್ಲ.